ಮನೆಯಲ್ಲಿ ಗಂಡನನ್ನು ಕೇಳತಕ್ಕದ್ದು

ಹೊಸ ಪಾಸ್ಟರು ಮೊದಲ ರವಿವಾರ ಹಾರ್ಮೋನಿಯಂ ತೆಗೆಸಿದರು. ಎರಡನೆಯ ರವಿವಾರ ಬಾಗಿಲ ಮೇಲಿನ ಬಣ್ಣದ ಕಾಗದದ ನಕ್ಷತ್ರ ಹೋಯಿತು. ಮೂರನೆಯ ರವಿವಾರ ತಿಪ್ಪವ್ವನ ಸರದಿ ಬಂತು.

ಸಿಂದಗಿಯ ಆ ಚರ್ಚು ಎಂದರೆ ತಗಡು ಹೊದಿಸಿದ ಒಂದು ಉದ್ದನೆಯ ಕೋಣೆ. ಎಡಕ್ಕೆ ಮೂವತ್ತೈದು ಹೆಂಗಸರು, ಬಲಕ್ಕೆ ಒಂಬತ್ತು ಗಂಡಸರು, ನಡುವೆ ಒಂದು ಫ್ಯಾನು. ಇಂಡಿಯಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ಮುದಿ ಪಾಸ್ಟರು ತೀರಿಕೊಂಡ ಮೇಲೆ, 2001ರ ಮಾರ್ಚಿನಲ್ಲಿ, ಮುದ್ದೇಬಿಹಾಳದ ಚೇತನಕುಮಾರ ಬಂದರು. ವಯಸ್ಸು ಇಪ್ಪತ್ತೇಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಇನ್ನೂ ಮದುವೆಯಿಲ್ಲ. ಅವರ ಹತ್ತಿರ ಒಂದೇ ಅಳತೆಗೋಲಿತ್ತು. ಚರ್ಚಿನಲ್ಲಿ ಏನೇ ಮಾಡಿದರೂ ಅದಕ್ಕೆ ಗ್ರಂಥದಲ್ಲಿ ಅಪ್ಪಣೆ ಇರಬೇಕು, ಇಲ್ಲವೇ ಮೊದಲಿನ ಶಿಷ್ಯರು ಹಾಗೆ ಮಾಡಿದ್ದರೆಂಬ ಉದಾಹರಣೆ ಇರಬೇಕು. ಎರಡೂ ಇಲ್ಲವೆಂದರೆ ಅದು ಮನುಷ್ಯರು ಕಟ್ಟಿಕೊಂಡದ್ದು, ಹೊರಗೆ ಹಾಕಬೇಕು.

"ಶಿಷ್ಯರು ಹಾರ್ಮೋನಿಯಂ ಬಾರಿಸಿದ್ರು ಅಂತ ಎಲ್ಲಿ ಬರದೈತಿ? ತೋರಸ್ರಿ," ಎಂದಿದ್ದರು.

"ಫ್ಯಾನು ಎಲ್ಲಿ ಬರದೈತ್ರಿ ಪಾಸ್ಟರ್ರ?" ಎಂದು ಸೀತವ್ವ ಕೇಳಿದಳು. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ವಿಧವೆ ಅವಳು. ಗಿರಾಕಿಯ ಜೊತೆ ಮಾತಾಡಿದಂತೆಯೇ ದೇವರ ಜೊತೆಗೂ ಮಾತಾಡುತ್ತಿದ್ದಳು.

ಪಾಸ್ಟರು ಮೇಲೆ ನೋಡಿದರು. ಹೊರಗೆ ನಲವತ್ತು ಡಿಗ್ರಿ ಬಿಸಿಲು. "ಫ್ಯಾನು ಆರಾಧನೆಯೊಳಗ ಸೇರೂದಿಲ್ರಿ. ಅದು ಸೌಕರ್ಯ," ಎಂದರು. ಫ್ಯಾನು ಉಳಿಯಿತು.

ತಿಪ್ಪವ್ವ ಉಳಿಯಲಿಲ್ಲ.

ಅವಳು ಪ್ರತಿ ರವಿವಾರ ಮುಂದೆ ನಿಂತು ಗ್ರಂಥಪಾಠ ಓದುತ್ತಿದ್ದವಳು. ಎಂಟು ವರ್ಷಗಳ ಹಿಂದೆ ಮುದಿ ಪಾಸ್ಟರ ಕಣ್ಣಿಗೆ ಪೊರೆ ಬಂದಾಗ ಆ ಕೆಲಸ ಬಲಗಡೆಯ ಒಂಬತ್ತು ಗಂಡಸರಲ್ಲಿ ಒಬ್ಬರಿಗೆ ಹೋಗಬೇಕಿತ್ತು. ಒಬ್ಬನಿಗೆ ಅಕ್ಷರ ಬರುತ್ತಿರಲಿಲ್ಲ, ಒಬ್ಬನಿಗೆ ನಾಚಿಕೆ. ತಹಶೀಲ ಕಚೇರಿಯಲ್ಲಿ ಸಿಪಾಯಿಯಾಗಿ ನಿವೃತ್ತನಾದ ಬಸಂತರಾಯನಂತೂ ವಾರವಾರವೂ ಚಷ್ಮಾ ಮನೆಯಲ್ಲಿ ಮರೆತು ಬರುತ್ತಿದ್ದ. ತಿಪ್ಪವ್ವ ಆಗಷ್ಟೇ ಸಾಕ್ಷರತಾ ವರ್ಗದಲ್ಲಿ ಓದಲು ಕಲಿತಿದ್ದಳು. ನಲವತ್ತರ ಹೊಸ್ತಿಲಲ್ಲಿ ಕಲಿತ ಅಕ್ಷರ. ಬಸ್ಸಿನ ಬೋರ್ಡು, ಸಾಬೂನಿನ ಕಾಗದ, ಗೋಡೆಯ ಮೇಲಿನ ಚುನಾವಣೆಯ ಬರಹ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತ ತಿರುಗುತ್ತಿದ್ದ ದಿನಗಳು. ಮೊದಲ ದಿನ ಬೆರಳಿಟ್ಟು ಹನ್ನೊಂದು ವಚನ ಓದಲು ಅವಳಿಗೆ ಅರ್ಧ ತಾಸು ಬೇಕಾಯಿತು. ಯಾರೂ ಎದ್ದು ಹೋಗಲಿಲ್ಲ. ಮುಗಿದ ಮೇಲೂ ಅವಳು ಪುಟದ ಮೇಲಿನ ಬೆರಳು ತೆಗೆಯಲಿಲ್ಲ. ಅದು ಹೆದರಿಕೆಯಲ್ಲ ಎಂದು ಅವಳಿಗೆ ಮನೆಗೆ ಹೋಗುವ ದಾರಿಯಲ್ಲಿ ತಿಳಿಯಿತು.

ಅವಳ ಮನೆ ಎಂದರೆ ಗಿರಣಿ. ಮುಂದೆ ಜೋಳ ಬೀಸುವ ಯಂತ್ರ, ಹಿಂದೆ ಎರಡು ಕೋಣೆ. ಮಸೂತಿ ಎಂಬ ತವರೂರಿನಲ್ಲಿ ಅಪ್ಪನ ಕಾಲದಿಂದಲೂ ಯೇಸುವಿನ ಪ್ರಾರ್ಥನೆಯಿತ್ತು. ಗಂಡ ಚಂದಪ್ಪನ ತಾಯಿಗೆ ಐವತ್ತು ಕಿಲೋದ ಚೀಲ ಎತ್ತುವ ಸೊಸೆ ಬೇಕಾಗಿತ್ತು. ಹುಡುಗಿಯ ದೇವರು ಯಾರೆಂದು ಆಕೆ ವಿಚಾರಿಸಲಿಲ್ಲ. ಚಂದಪ್ಪನೂ ವಿಚಾರಿಸಲಿಲ್ಲ. ಅಮಾವಾಸ್ಯೆಗೆ ಮೋಟಾರಿಗೆ ಲಿಂಬೆಹಣ್ಣು ಕಟ್ಟುತ್ತಿದ್ದ, ಕ್ರಿಸ್‌ಮಸ್ಸಿಗೆ ಚರ್ಚಿನ ಊಟಕ್ಕೆ ತಪ್ಪದೆ ಹೋಗುತ್ತಿದ್ದ. ಮೂವತ್ತು ವರ್ಷ ಆ ಯಂತ್ರದ ಸದ್ದಿನಲ್ಲಿ ಗಂಡಹೆಂಡತಿ ಕೂಗಿಯೇ ಮಾತಾಡಿದ್ದರು. ಉಪ್ಪು ಮುಗಿದದ್ದು, ಮಗಳಿಗೆ ಗಂಡು ಗೊತ್ತಾದದ್ದು, ಅತ್ತೆ ಸತ್ತದ್ದು, ಎಲ್ಲವೂ ಒಂದೇ ಎತ್ತರದ ದನಿಯಲ್ಲಿ. ಮೆಲ್ಲಗೆ ಹೇಳಬೇಕಾದ ಮಾತುಗಳು ಮೊದಲ ಕೆಲವು ವರ್ಷ ಅವಳ ಬಾಯಿಯವರೆಗೆ ಬಂದು ನಿಲ್ಲುತ್ತಿದ್ದವು. ಆಮೇಲೆ ಅವು ಬರುವುದನ್ನೂ ಬಿಟ್ಟವು. ತನ್ನೊಳಗೆ ಇನ್ನೊಂದು ದನಿ ಇದೆಯೆಂದು ಅವಳಿಗೆ ಗೊತ್ತಾದದ್ದೇ ಚರ್ಚಿನಲ್ಲಿ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಆ ದನಿಯನ್ನು ನಲವತ್ತನಾಲ್ಕು ಜನ ಸುಮ್ಮನೆ ಕೂತು ಕೇಳುತ್ತಿದ್ದರು.

ಮೊದಲೆರಡು ರವಿವಾರ ಹೊಸ ಪಾಸ್ಟರು ಪಾಠವನ್ನೂ ತಾವೇ ಓದಿ ಮುಗಿಸಿದ್ದರು. ಮೂರನೆಯ ರವಿವಾರ ಅವಳು ಎದ್ದು ಮುಂದೆ ಹೋದಾಗ ಪಾಸ್ಟರು ಕೈ ಅಡ್ಡ ಹಿಡಿದರು.

"ಅಮ್ಮಾ, ಹೆಣ್ಣುಮಕ್ಕಳು ಸಭೆಯೊಳಗ ನಿಂತು ಓದೂದು ಎಲ್ಲಿ ಬರದೈತ್ರಿ?"

"ಬರದಿಲ್ರಿ. ಅಜ್ಜಾರ ಕಣ್ಣಿಗೆ ಪೊರಿ ಬಂದಿತ್ತು," ಎಂದಳು ತಿಪ್ಪವ್ವ.

"ಪೊರಿ ಅಂದ್ರ ಅಪ್ಪಣಿ ಅಲ್ರಿ."

ಅವರು ಗ್ರಂಥದಲ್ಲಿ, ಮೊದಲಿನ ಕಾಲದ ಬೋಧಕ ಪೌಲ ಸಭೆಗೆ ಬರೆದ ಪತ್ರ ತೆಗೆದು ತಾವೇ ಓದಿದರು. ಸಭೆಯಲ್ಲಿ ಹೆಂಗಸರು ಮೌನವಾಗಿರಬೇಕು, ಏನಾದರೂ ತಿಳಿಯಬೇಕಿದ್ದರೆ ಮನೆಯಲ್ಲಿ ತಂತಮ್ಮ ಗಂಡಂದಿರನ್ನು ಕೇಳಬೇಕು, ಎಂಬ ಅರ್ಥದ ಮಾತು. ಓದಿ ಗ್ರಂಥ ಮುಚ್ಚಿದರು. "ನನ್ನ ಮಾತಲ್ರಿ ಇದು. ಬರದದ್ದು." ಅವರ ಮುಖದಲ್ಲಿ ಸಿಟ್ಟಾಗಲಿ ಸೊಕ್ಕಾಗಲಿ ಇರಲಿಲ್ಲ. ಇದ್ದಿದ್ದರೆ ತಿಪ್ಪವ್ವನಿಗೆ ಸುಲಭವಾಗುತ್ತಿತ್ತು.

ಸೀತವ್ವ ಕೈ ಎತ್ತಿದಳು. "ನನ್ನ ಗಂಡ ಸತ್ತು ಹನ್ನೆರಡು ವರ್ಷ ಆತ್ರಿ. ಇದ್ದಾಗರ ಕೇಳಿದ್ದಕ್ಕ ಒಂದು ನೆಟ್ಟಗ ಹೇಳಿದಾಂವಲ್ಲ. ಈಗ ಎಲ್ಲಿ ಹೋಗಿ ಕೇಳ್ಲಿ?"

"ಸಭೆಯೊಳಗ ಮಾತಾಡಬಾರದು ಅಂತ ಈಗಷ್ಟ ಓದಿನಲ್ರಿ."

"ಹೌದಲ್ರಿ, ತಪ್ಪಾತು," ಎಂದು ಸೀತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೆರಗಿನ ಹಿಂದೆ ಆಕೆ ನಗುತ್ತಿದ್ದಳೆಂದು ಎಡಗಡೆಯವರಿಗೆಲ್ಲ ಗೊತ್ತಿತ್ತು.

ಅಂದು ಬಸಂತರಾಯ ಓದಿದ. ಚಷ್ಮಾ ಆಶ್ಚರ್ಯಕರವಾಗಿ ಅವನ ಕಿಸೆಯಲ್ಲೇ ಇತ್ತು. ಮೂವತ್ತು ವರ್ಷ ತಹಶೀಲ ಕಚೇರಿಯ ಬಾಗಿಲಲ್ಲಿ ನಿಂತು ಪಕ್ಷಗಾರರ ಹೆಸರು ಕೂಗಿದವನು ಅವನು. ಅಬ್ರಹಾಮ, ಇಸಾಕ, ಯಾಕೋಬ ಎಂದು ಒಂದೊಂದೇ ಹೆಸರು ಕೂಗಿ, ಹಾಜರಿದ್ದಾರೋ ಇಲ್ಲವೋ ನೋಡುವಂತೆ ಬಾಗಿಲ ಕಡೆ ಕಣ್ಣು ಹಾಯಿಸುತ್ತಿದ್ದ. ಯಾಕೋಬನ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಇಬ್ಬರು ನಿದ್ದೆಹೋಗಿದ್ದರು.

ತಿಪ್ಪವ್ವ ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು. ಬರೆದದ್ದು ಎಂದ ಮೇಲೆ ಜಗಳವಾಡುವುದಾದರೂ ಯಾರ ಜೊತೆ? ಆದರೆ ಅವಳು ಓದು ಕಲಿತವಳು. ವಾಕ್ಯವನ್ನು ಅರ್ಧಕ್ಕೆ ಬಿಡುವ ರೂಢಿ ಇರಲಿಲ್ಲ. ಮೌನವಾಗಿರಿ ಎಂಬಲ್ಲಿಗೆ ಆ ಮಾತು ನಿಂತಿರಲಿಲ್ಲವಲ್ಲ. ಮುಂದೆ ಇನ್ನೊಂದು ಅಪ್ಪಣೆಯಿತ್ತು. ಸಿಂದಗಿಯಲ್ಲಿ ಇಲ್ಲಿಯವರೆಗೆ ಯಾವ ಹೆಂಗಸೂ ಅದನ್ನು ಪಾಲಿಸಿದ್ದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಹೋಯಿತು. ಆ ಬೇಸಿಗೆಯಲ್ಲಿ ದಿನವೂ ಹನ್ನೆರಡಕ್ಕೆ ಹೋಗಿ ಮೂರಕ್ಕೆ ಬರುತ್ತಿತ್ತು. ಜೋಳದ ಡಬ್ಬಿ ತಂದ ಹೆಂಗಸರು ಮನೆಗೆ ಹೋಗಿ ಬರಲಾರದೆ ಅಲ್ಲೇ ನೆರಳಲ್ಲಿ ಕೂಡುತ್ತಿದ್ದರು. ಚಂದಪ್ಪ ನಿಂತ ಯಂತ್ರದ ಪಟ್ಟಾ ಒರೆಸುತ್ತಿದ್ದ. ಹುಬ್ಬು, ಮೀಸೆ, ಕಿವಿಯ ಕೂದಲು, ಎಲ್ಲ ಹಿಟ್ಟು ಹತ್ತಿ ಬೆಳ್ಳಗೆ.

ತಿಪ್ಪವ್ವ ಬಟ್ಟೆಯಲ್ಲಿ ಸುತ್ತಿದ ಗ್ರಂಥ ಹಿಡಿದು ಅವನ ಮುಂದೆ ನಿಂತಳು. "ಏನ್ರೀ, ಒಂದು ಮಾತು ತಿಳೀವಲ್ದು. ನಿಮ್ಮನ್ನ ಕೇಳಬೇಕು."

"ನನ್ನ?" ಚಂದಪ್ಪ ಹಿಂದೆ ಯಾರಾದರೂ ಇದ್ದಾರೋ ಎಂದು ತಿರುಗಿ ನೋಡಿದ. "ಬಿಸಲು ಬಡದೈತೇನು ನಿನಗ?"

"ಬರದೈತ್ರಿ. ಗಂಡನ್ನ ಕೇಳಬೇಕಂತ."

"ಯಾವ ಮಗಾ ಬರದಾನ?"

"ಪೌಲ ಅಂತ."

"ಅವಗ ಹೆಂಡತಿ ಇದ್ದಳೇನು?"

"ಇರಲಿಲ್ಲಂತ."

"ಮತ್ತ! ಇದ್ದಿದ್ರ ಬರೀತಿದ್ದಿಲ್ಲ." ಚಂದಪ್ಪ ಪಟ್ಟಾ ಒರೆಸುವ ಬಟ್ಟೆ ಝಾಡಿಸಿದ. "ಏನ್ ಕೇಳ್ತಿ ಕೇಳು. ಗೊತ್ತಿದ್ರ ಹೇಳ್ತೇನಿ, ಇಲ್ಲಂದ್ರ ಸುಳ್ಳು ಹೇಳ್ತೇನಿ."

"ಮೊದಲ ಓದಿ ಹೇಳಬೇಕಾಗತೈತಿ."

"ಓದು. ಕರೆಂಟಂತೂ ಇಲ್ಲ."

ಅವಳು ಜೋಳದ ಚೀಲದ ಮೇಲೆ ಕೂತು ಓದಿದಳು. ನೂರು ಕುರಿ ಇದ್ದವನೊಬ್ಬ, ಒಂದು ತಪ್ಪಿಸಿಕೊಂಡಿತೆಂದು ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಅದನ್ನು ಹುಡುಕಿ ಹೋದ ಕಥೆ. ಯಂತ್ರ ಸುಮ್ಮನಿತ್ತು. ದನಿ ಏರಿಸುವ ಅಗತ್ಯವಿರಲಿಲ್ಲ. ಓದಿ ತಲೆ ಎತ್ತಿದರೆ ಚಂದಪ್ಪ ಒರೆಸುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ.

"ನಿನ್ನ ದನಿ ಹಿಂಗೈತೇನು?" ಎಂದ.

"ಮೊದಲಿಂದ್ಲೂ ಹಿಂಗ ಐತಿ."

"ನಾ ಎಲ್ಲಿ ಹೋಗಿದ್ನಿ ಹಂಗಾರ?"

"ಇಲ್ಲೇ ಇದ್ರಿ. ಜ್ವಾಳ ಬೀಸಾಕತ್ತಿದ್ರಿ."

ಚಂದಪ್ಪ ಮೀಸೆ ತಿಕ್ಕಿದ. ಹಿಟ್ಟು ಉದುರಿತು. "ಕುರಿ ಮಾತು ಹೇಳ್ತೇನಿ ಕೇಳು. ನಮ್ಮಪ್ಪ ಕುರಿ ಕಾದಾಂವ. ಒಂದು ಕುರಿ ಸಲುವಾಗಿ ತೊಂಬತ್ತೊಂಬತ್ತು ಬಿಟ್ಟು ಯಾ ಕುರುಬನೂ ಹೋಗೂದಿಲ್ಲ. ತ್ವಾಳ ಇರತಾವು. ಅಂವ ಹೋದ ಅಂದ್ರ ಹಿಂದ ಒಬ್ಬರು ಕಾಯಾವರು ಇದ್ದಾರಂತ ಅರ್ಥ. ನಮ್ಮಪ್ಪ ಹೋದಾಗ ನಮ್ಮವ್ವ ಕಾಯ್ತಿದ್ಲು. ಇವನ ಹೇಂತಿ ಇರಬೇಕು ಅಲ್ಲಿ. ಆಕಿ ಹೆಸರು ಬರದಿಲ್ಲ, ಅಷ್ಟ."

ತಿಪ್ಪವ್ವ ಆ ಪುಟವನ್ನು ಮತ್ತೆ ನೋಡಿದಳು. ಎಂಟು ವರ್ಷದಲ್ಲಿ ಎಷ್ಟು ಸಲ ಓದಿದ್ದಳೋ. ಆ ಹೆಂಗಸು ಅಲ್ಲಿ ನಿಂತದ್ದನ್ನು ನೋಡಿರಲಿಲ್ಲ. ಮುಸ್ಸಂಜೆಯ ಅಡವಿ, ಕೈಯಲ್ಲೊಂದು ಕೋಲು, ತೊಂಬತ್ತೊಂಬತ್ತು ಕುರಿ, ಮರಳಿ ಬರದ ಗಂಡ. ಅವನು ಕುರಿ ಹೊತ್ತು ಬಂದಾಗ ಊರೆಲ್ಲ ಸೇರಿ ಸಂತೋಷಪಟ್ಟಿತೆಂದು ಬರೆದಿತ್ತು. ಆ ಊಟಕ್ಕೆ ರೊಟ್ಟಿ ಬಡಿದವಳೂ ಅವಳೇ ಇರಬೇಕು.

"ಕಾಕಾ, ಮತ್ತೊಂದು ಹೇಳ್ರಿ," ಎಂದಳು ಡಬ್ಬಿಯ ಮೇಲೆ ಕೂತಿದ್ದ ಸುಗ್ರಾ. ಪಕ್ಕದ ಓಣಿಯ ಹೆಣ್ಣುಮಗಳು, ಹನ್ನೊಂದಕ್ಕೇ ಅವಳ ಹಿಟ್ಟು ಬೀಸಿಯಾಗಿತ್ತು.

ಹೀಗೆ ಶುರುವಾಯಿತು. ಎರಡು ವಾರದೊಳಗೆ ಹೆಂಗಸರು ಕರೆಂಟು ಇರುವ ಹೊತ್ತು ಬಿಟ್ಟು ಇಲ್ಲದ ಹೊತ್ತು ನೋಡಿ ಜೋಳ ತರತೊಡಗಿದರು. ಚರ್ಚಿನವರು ಬಂದರು, ಹನುಮಪ್ಪನಿಗೆ ನಡೆದುಕೊಳ್ಳುವವರು ಬಂದರು, ಸುಗ್ರಾ ತನ್ನ ನಾದಿನಿಯನ್ನೂ ಕರೆತಂದಳು. ತಿಪ್ಪವ್ವ ಓದುವುದು, ಆಮೇಲೆ ಬರೆದಿದ್ದಂತೆ ಗಂಡನನ್ನು ಕೇಳುವುದು, ಚಂದಪ್ಪ ತೀರ್ಪು ಕೊಡುವುದು. ಗಂಡನಿಲ್ಲದ ಸೀತವ್ವ, "ನಿನ್ನ ಗಂಡನ್ನ ನನಗೂ ಒಂದೀಟು ಕಡಾ ಕೊಡ ಯವ್ವಾ, ಕೇಳಾಕಷ್ಟ," ಎಂದು ಮೊದಲ ಸಾಲಿನಲ್ಲಿ ಕೂತಳು.

ನೀರು ದ್ರಾಕ್ಷಾರಸವಾದ ಮದುವೆಯ ಬಗ್ಗೆ ಚಂದಪ್ಪನಿಗೆ ಯಾವ ಅನುಮಾನವೂ ಇರಲಿಲ್ಲ. "ಬೀಗರು ಬಂದಾಗ ಕಡಿಮಿ ಬಿದ್ರ ಮರ್ಯಾದಿ ಪ್ರಶ್ನಾ. ಹೇಳಿದಾಕಿ ಅವರವ್ವ. ಅವ್ವ ಹೇಳಿದ ಮ್ಯಾಲ ದೇವರಾದ್ರೇನು, ಮಾಡಬೇಕು." ಒಬ್ಬರನ್ನೊಬ್ಬರು ಪವಿತ್ರವಾದ ಮುದ್ದಿನಿಂದ ವಂದಿಸಬೇಕೆಂದು ಪೌಲ ಬರೆದದ್ದು ಓದಿದಾಗ ಮಾತ್ರ ಅವನು ಪಟ್ಟು ಹಿಡಿದ. "ಇದು ಅಪ್ಪಣಿ ಹೌದಿಲ್ಲ? ಇದನ್ನ ಯಾಕ ನಡಸೂದಿಲ್ಲ ನಿಮ್ಮ ಪಾಸ್ಟರು?"

"ಬ್ಯಾಡೋ ಮಾರಾಯಾ," ಎಂದಳು ಸೀತವ್ವ. "ಬಸಂತರಾಯ ಮೂಗಿಗೆ ನಶೆಪುಡಿ ಏರಸ್ತಾನ."

ಹೆಂಗಸರು ಬಿದ್ದು ಬಿದ್ದು ನಕ್ಕರು. ತಿಪ್ಪವ್ವನೂ ನಕ್ಕಳು. ಆದರೆ ರವಿವಾರ ಬೆಳಿಗ್ಗೆ ಚರ್ಚಿನಲ್ಲಿ ಕೂತಾಗ ಅವಳ ಕಣ್ಣು ಮುಂದಿನ ಪೀಠದ ಮೇಲೇ ಇರುತ್ತಿತ್ತು. ಗಿರಣಿಯಲ್ಲಿ ಓದುವುದು ಸುಖವಾಗಿತ್ತು, ನಿಜ. ಆದರೆ ಅಲ್ಲಿ ಅವಳು ಗಿರಣಿಯ ಚಂದಪ್ಪನ ಹೆಂಡತಿ. ಚರ್ಚಿನ ಆ ಮರದ ಪೀಠದ ಹಿಂದೆ ನಿಂತಾಗ ಯಾರ ಏನೂ ಆಗಿರಲಿಲ್ಲ. ಆ ಇಪ್ಪತ್ತು ನಿಮಿಷ ಅವಳಿಗೆ ಮರಳಿ ಬೇಕಾಗಿತ್ತು. ದೇವರಿಗಾಗಿ ಎಂದು ಸುಳ್ಳು ಹೇಳಿಕೊಳ್ಳುವ ವಯಸ್ಸು ದಾಟಿತ್ತು. ತನಗಾಗಿ ಬೇಕಾಗಿತ್ತು.

ಎಪ್ರಿಲ್ ಕೊನೆಯ ರವಿವಾರ ಉಪದೇಶವೂ ಆರಾಧನೆಯೂ ಮುಗಿದ ಮೇಲೆ ಪಾಸ್ಟರು ಅಂಗಳದಲ್ಲಿ ಹೆಂಗಸರನ್ನು ಕೇಳಿದರು: "ಇವತ್ತಿನ ಪ್ರಸಂಗ ತಿಳೀತೇನ್ರಿ?"

"ನಾಳೆ ಚಂದಪ್ಪನ್ನ ಕೇಳಿ ಹೇಳ್ತೇವ್ರಿ," ಎಂದಳು ಸೀತವ್ವ.

"ಯಾರವರು?"

"ಗಿರಣಿ ಚಂದಪ್ಪ. ತಿಪ್ಪಕ್ಕನ ಗಂಡ."

"ಅವರು ನಮ್ಮ ಸಭೆಯವರೇನ್ರಿ?"

"ಅಲ್ರಿ. ಗಂಡ ಸಭೆಯವನ ಇರಬೇಕಂತ ಎಲ್ಲಿ ಬರದೈತ್ರಿ?"

ತಮ್ಮದೇ ಅಳತೆಗೋಲು ಬೇರೆಯವರ ಕೈಯಲ್ಲಿ ನೋಡಿದ್ದು ಪಾಸ್ಟರಿಗೆ ಅದೇ ಮೊದಲು.

ಆ ಗುರುವಾರ ಅವರೇ ಗಿರಣಿಗೆ ಬಂದರು. ಕೈಯಲ್ಲಿ ಜೋಳದ ಡಬ್ಬಿ ಇತ್ತು. ಒಬ್ಬರೇ ಇರುವ ಮನೆ, ತಾವೇ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟು ನಿಜಕ್ಕೂ ಮುಗಿದಿತ್ತೋ ಇಲ್ಲವೋ ಯಾರು ಕೇಳಬೇಕು? ಹನ್ನೆರಡೂವರೆಯಾಗಿತ್ತು, ಕರೆಂಟು ಹೋಗಿತ್ತು, ಗಿರಣಿಯ ತುಂಬ ಹೆಂಗಸರು.

"ಬರ್ರಿ ಬರ್ರಿ ಪಾಸ್ಟರ್ರ," ಎಂದ ಚಂದಪ್ಪ. "ಕುಂದ್ರಿ. ಮೂರರ ತನಕ ನಿಮ್ಮ ಜ್ವಾಳಕ್ಕ ಮೋಕ್ಷ ಇಲ್ಲ." ಪಾಸ್ಟರು ತಮ್ಮ ಡಬ್ಬಿಯ ಮೇಲೆಯೇ ಕೂತರು. ಇಸ್ತ್ರಿ ಮಾಡಿದ ಪ್ಯಾಂಟಿಗೆ ಹಿಟ್ಟು ಹತ್ತಿತು.

ತಿಪ್ಪವ್ವನ ಬೆರಳು ಪುಟದ ಮೇಲೆ ನಿಂತುಬಿಟ್ಟಿತ್ತು. ಇದೂ ಹೋಯಿತು, ಇನ್ನು ಇಲ್ಲೂ ಓದಬಾರದೆನ್ನುತ್ತಾರೆ, ಎಂದುಕೊಂಡಳು.

"ನಿಲ್ಲಿಸಿದ್ಯಾಕ?" ಎಂದ ಚಂದಪ್ಪ. "ಇದು ಸಭೆಯಲ್ಲ, ಗಿರಣಿ. ಅವರು ಗಿರಾಕಿ. ಓದು. ಮೊನ್ನೆ ಓದಿದಿ ನೋಡು ಸೆರಗಿನ ಮಾತು, ಅದನ್ನ ಮತ್ತೊಮ್ಮೆ ಓದು. ಅಲ್ಲೊಂದು ಕೇಳೂದೈತಿ."

ಅವಳು ಹಿಂದಿನ ಪುಟಕ್ಕೆ ಹೋದಳು. ಪಾಸ್ಟರು ಚರ್ಚಿನಲ್ಲಿ ಓದಿದ್ದ ಪೌಲನ ಅದೇ ಪತ್ರ. ಹೆಂಗಸು ಪ್ರಾರ್ಥನೆ ಮಾಡುವಾಗಲೂ ದೇವರ ಮಾತು ನುಡಿಯುವಾಗಲೂ ತಲೆಯ ಮೇಲೆ ಮುಸುಕು ಇರಬೇಕೆಂದು ಹೇಳುವ ಜಾಗ. ಮೊದಲ ಸಾಲು ದನಿ ನಡುಗಿತು. ಎರಡನೆಯ ಸಾಲಿಗೆ ಅದು ತನ್ನ ಜಾಗಕ್ಕೆ ಬಂತು. ಪಾಸ್ಟರು ಈ ದನಿಯನ್ನು ಕೇಳಿರಲೇ ಇಲ್ಲ. ಕೇಳುವ ಮೊದಲೇ ನಿಲ್ಲಿಸಿದ್ದರು.

"ಈಗ ಹೇಳ್ರಿ," ಎಂದ ಚಂದಪ್ಪ ಪಾಸ್ಟರ ಕಡೆ ತಿರುಗಿ. "ಇಲ್ಲಿ ಸೆರಗು ಹೊತ್ಕೊಂಡು ದೇವರ ಮಾತು ಹೇಳ್ಲಿ ಅಂತಾನ. ಮೂರು ಅಧ್ಯಾಯ ದಾಟಿದ ಮ್ಯಾಲ ಬಾಯಿ ಮುಚ್ರಿ ಅಂತಾನ. ಬಾಯಿ ಮುಚ್ಕೊಂಡು ಹೇಳೂದು ಹೆಂಗ್ರಿ? ಬಾಯಿ ಮುಚ್ಚಿದಾಕಿಗೆ ಸೆರಗು ಯಾಕ್ರಿ? ನಡುವ ಏನಾತು ಪೌಲಗ? ಯಾರರ ಹೆಂಗಸು ಬೈದ್ರೇನು?"

ಯಾರೋ ಕಿಸಕ್ಕೆಂದರು.

ಪಾಸ್ಟರು ಕೈ ಚಾಚಿದರು. ತಿಪ್ಪವ್ವ ಗ್ರಂಥ ಕೊಟ್ಟಳು. ಅವರು ಆ ಪುಟ ಓದಿದರು, ಮೂರು ಅಧ್ಯಾಯ ಮುಂದೆ ಹೋದರು, ಮತ್ತೆ ಹಿಂದೆ ಬಂದರು. ಹಣೆಯ ಬೆವರು ಪುಟದ ಮೇಲೆ ಬಿತ್ತು, ಅಂಗಿಯ ತೋಳಿನಿಂದ ಒರೆಸಿದರು. ಅವರು ಜಾಣತನದ ಉತ್ತರ ಹುಡುಕುತ್ತಿಲ್ಲ, ನಿಜವಾಗಿ ಓದುತ್ತಿದ್ದಾರೆ ಎಂದು ತಿಪ್ಪವ್ವನಿಗೆ ಗೊತ್ತಾಯಿತು. ಹೊಸದಾಗಿ ಅಕ್ಷರ ಕಲಿತವರು ಓದುವ ಹಾಗೆ.

"ಎರಡೂ ಓದಿದ್ನಿರಿ," ಎಂದರು ಕೊನೆಗೆ. "ಕೂಡಿಸಿ ನೋಡಿರಲಿಲ್ಲ."

"ನಮ್ಮ ಚಂದಪ್ಪಗ ಓದಾಕ ಬರೂದಿಲ್ರಿ," ಎಂದಳು ಸೀತವ್ವ. "ಅದಕ್ಕ ಎಲ್ಲಾ ಕೂಡಿಸಿ ಕೇಳ್ತಾನ. ಇನ್ನೂ ಒಂದೈತ್ರಿ. ಸಭೆ ನಡಸಾಂವ ಒಬ್ಬಾಕಿ ಹೇಂತಿ ಗಂಡ ಇರಬೇಕಂತ ಬರದೈತೆಲ್ರಿ. ನಿಮ್ಮಾಕಿ ಎಲ್ರಿ?"

ಪಾಸ್ಟರ ಕಿವಿ ಕೆಂಪಾದವು. "ಹುಡುಕಾಕತ್ತೇವ್ರಿ."

"ಬಾಗೇವಾಡ್ಯಾಗ ನನ್ನ ತಂಗಿ ಮಗಳು ಅದಾಳ. ಭಾರಿ ಬಾಯಿ ಮಾಡತಾಳ. ನಿಮಗ ಹೊಂದತೈತಿ."

ನಗೆ ಅಡಗಿದ ಮೇಲೆ ಪಾಸ್ಟರು ತಿಪ್ಪವ್ವನಿಗೆ ಗ್ರಂಥ ಮರಳಿ ಕೊಟ್ಟರು. "ರವಿವಾರ ನೀವ ಓದ್ರಿ ಅಮ್ಮಾ. ಬರದದ್ದಕ್ಕ ತಪ್ಪಿ ನಡಿಯಾಕ ನನಗ ಆಗೂದಿಲ್ಲ. ಖರೆ ತಲಿ ಮ್ಯಾಲ ಸೆರಗು ಇರಬೇಕು."

ಮೂವತ್ತು ವರ್ಷದಿಂದ ಚೀಲ ಎತ್ತುವಾಗಲೂ ತಿಪ್ಪವ್ವನ ತಲೆಯ ಮೇಲಿನ ಸೆರಗು ಜಾರಿರಲಿಲ್ಲ. ಈಗಲೂ ಅಲ್ಲೇ ಇತ್ತು. ಬ್ಯಾಡ್ರಿ, ನನಗ ಗಿರಣಿ ಸಾಕು, ಎಂದುಬಿಡಬೇಕೆಂದು ಒಂದು ಗಳಿಗೆ ಅನ್ನಿಸಿತು. ತನ್ನದನ್ನು ಕಸಿದುಕೊಂಡವರು ಕರಾರು ಹಾಕಿ ಮರಳಿ ಕೊಡುವಾಗ ಹುಟ್ಟುವ ಸಿಟ್ಟು ಅದು. ಆದರೆ ಬೇಡವೆನ್ನುವಷ್ಟು ದೊಡ್ಡತನ ಅವಳಲ್ಲಿರಲಿಲ್ಲ. ಇರಬೇಕಾದ ಕಾರಣವೂ ಕಾಣಲಿಲ್ಲ.

"ಆತ್ರಿ," ಎಂದಳು.

ಆ ರವಿವಾರ ಬಸಂತರಾಯ ಚಷ್ಮಾ ಮನೆಯಲ್ಲಿ ಮರೆತು ಬಂದಿದ್ದ. ಬಹುಶಃ ಅವನಿಗೂ ಹಗುರಾಗಿತ್ತು. ಚಂದಪ್ಪ ಮೀಸೆ ತೊಳೆದುಕೊಂಡು, ಕ್ರಿಸ್‌ಮಸ್ಸಲ್ಲದ ದಿನ ಮೊದಲ ಬಾರಿ ಚರ್ಚಿಗೆ ಬಂದ. ಬಂದವನು ತಿಳಿಯದೆ ಎಡಗಡೆ ಹೆಂಗಸರ ನಡುವೆ ಕೂತ. ಹೆಚ್ಚಿನವರು ಗಿರಣಿಗೆ ಬರುವ ಮಂದಿಯೇ, ಅವನಿಗೆ ವ್ಯತ್ಯಾಸವೇನೂ ಕಾಣಲಿಲ್ಲ. ಯಾರೂ ಎಬ್ಬಿಸಲಿಲ್ಲ.

ತಿಪ್ಪವ್ವ ಪೀಠದ ಹಿಂದೆ ನಿಂತಳು. ಎರಡು ತಿಂಗಳಲ್ಲಿ ಅದರ ಮೇಲೆ ಒಂದು ಹೊಸ ಗೀರು ಬಿದ್ದಿತ್ತು. ಅದರ ಮೇಲೆ ಗ್ರಂಥವಿಟ್ಟು ಓದಿದಳು. ಓದುತ್ತಿರುವಾಗ ಒಮ್ಮೆ ತಲೆ ಎತ್ತಿದಳು. ನಲವತ್ತೈದು ಜನ. ಅದರಲ್ಲಿ ಒಬ್ಬ, ಗಿರಣಿಯ ಸದ್ದಿಗೆ ಕಿವಿ ಮಂದವಾದ್ದರಿಂದ, ಅಂಗೈಯನ್ನು ಕಿವಿಗೆ ಮರೆಮಾಡಿ ಮುಂದೆ ಬಾಗಿ ಕೂತಿದ್ದ.

ಪಾಸ್ಟರ ಪ್ರಸಂಗ ಅರ್ಧಕ್ಕೆ ಬಂದಿತ್ತು. ಚಂದಪ್ಪ ಗಿರಣಿಯಲ್ಲಿ ಎದ್ದಂತೆ ಎದ್ದು ನಿಂತ.

"ಪಾಸ್ಟರ್ರ, ಒಂದು ತಿಳೀಲಿಲ್ರಿ. ಈಗ ಓದಿದ್ಲಲ್ಲ, ಅದರಾಗ..."

"ಸಭೆಯೊಳಗ ಬ್ಯಾಡ್ರಿ ಚಂದಪ್ಪನವರ," ಎಂದರು ಪಾಸ್ಟರು ಪುಟದಿಂದ ಕಣ್ಣೆತ್ತದೆ. "ಮನಿಗೆ ಹೋಗಿ ನಿಮ್ಮ ಹೇಂತಿನ್ನ ಕೇಳ್ರಿ."

ಹೇಳಿದ ಮೇಲೆ ತಮ್ಮ ಮಾತು ಅವರಿಗೇ ಕೇಳಿಸಿತು. ಕಣ್ಣೆತ್ತಿದರು. ಎಡಗಡೆ ಮೂವತ್ತೈದು ಸೆರಗುಗಳು ಮೂವತ್ತೈದು ಬಾಯಿಗಳ ಮೇಲಿದ್ದವು. ಸೀತವ್ವನ ಭುಜ ಕುಣಿಯುತ್ತಿತ್ತು. ಮೊದಲು ನಕ್ಕವರು ಪಾಸ್ಟರೇ.

ಮನೆಗೆ ಹೋಗುವ ದಾರಿಯುದ್ದಕ್ಕೂ ಚಂದಪ್ಪ ಅದೇ ಪ್ರಶ್ನೆ ಹಿಡಿದು ಬಂದ. ಗಿರಣಿಯ ಬಾಗಿಲು ತೆರೆದರೆ ದೀಪ ಉರಿಯುತ್ತಿತ್ತು, ಹೊರಗೆ ಡಬ್ಬಿಗಳ ಸಾಲು ಕಾಯುತ್ತಿತ್ತು. ಅವನು ಮೋಟಾರು ಹಾಕಿದ. ಗೋಡೆಗಳು ಅದುರತೊಡಗಿದವು.

"ಹೇಳಲಿಲ್ಲಲ್ಲ ಮತ್ತ!" ಎಂದು ಆ ಸದ್ದಿನಲ್ಲಿ ಕೂಗಿದ.

"ತಡೀರಿ!" ತಿಪ್ಪವ್ವನೂ ಕೂಗಿದಳು. "ಕರೆಂಟ್ ಹೋದಾಗ ಹೇಳ್ತೇನಿ!"